ಉತ್ತರ ಗೋಲಿನ ಹಿಂದೆ ಕೇಳಿಸಿದ್ದು

ಭಾನುವಾರ, ಸೆಪ್ಟೆಂಬರ್ 7. ಸಂಜೆ.

ಚರ್ಚಿನಿಂದ ಬಂದು, ನಾಳೆಯ ಶರ್ಟು ಇಸ್ತ್ರಿ ಮಾಡಿಟ್ಟು, ರೇಡಿಯೊದಲ್ಲಿ ಕ್ರೀಡಾವಾರ್ತೆ ಕೇಳಿದೆ. ಕೇಳಿದ್ದಕ್ಕೂ ನಿನ್ನೆ ಮೈದಾನದಲ್ಲಿ ಕಂಡದ್ದಕ್ಕೂ ಹೊಂದಿಕೆಯಿಲ್ಲ. ಆದ್ದರಿಂದ ಸಂಗತಿಗಳನ್ನು ಕ್ರಮವಾಗಿ ಬರೆದಿಡುತ್ತೇನೆ.

1. ನಿನ್ನೆಯ ಫುಟ್‌ಬಾಲ್ ಲೀಗ್ ಪಂದ್ಯದಲ್ಲಿ ನಮ್ಮ ಸ್ಮೆಲ್ಟರ್ ಹಾಕ್ಸ್ ತಂಡ ಕಫುಬು ಸ್ಟಾರ್ಸ್ ಎದುರು ಒಂದು ಗೋಲಿನಿಂದ ಸೋತಿತು. ನ್ಯಾಯವಾಗಿಯೇ ಸೋತಿತು.

2. ಕೊನೆಯ ಗಳಿಗೆಯಲ್ಲಿ ನಮಗೊಂದು ಪೆನಾಲ್ಟಿ ದೊರೆಯಿತು. ಹೊಡೆದವನು ಮಸೇಕೊ. ಸ್ಟಾರ್ಸ್‌ನ ಗೋಲ್‌ಕೀಪರ್ ಚಿಸಾಲಾ ಎಡಕ್ಕೆ ಹಾರಿ ಹಿಡಿದ.

3. ಹಿಡಿದ ಚೆಂಡನ್ನು ಎದೆಗೊತ್ತಿಕೊಂಡು ಚಿಸಾಲಾ ಹೀಗೆಂದ: "ಇಲಿ ತಿನ್ನೋನೆ, ಯಾವ ಬಿಲ ನೋಡಿ ಹೊಡೆದೆಯೋ? ಗೋಲು ಇಲ್ಲಿದೆ, ಎರಡು ಕಂಬದ ನಡುವೆ."

4. ಮಸೇಕೊ ತಿರುಗಿ ಹೀಗೆಂದ: "ಮಂಗ ತಿಂದು ತಿಂದು ಹಾರೋದು ಕಲ್ತಿದೀಯ. ಇಲ್ಲಾಂದ್ರೆ ನಿನ್ನ ಕೈಗೆಲ್ಲಿ ಸಿಗ್ತಿತ್ತು?"

5. ಇಬ್ಬರೂ ನಕ್ಕರು.

6. ನಾನು ಉತ್ತರ ಗೋಲಿನ ಹಿಂದೆ, ತಂತಿಬೇಲಿಗೆ ತಾಗಿದ ನನ್ನ ಎಂದಿನ ಜಾಗದಲ್ಲಿದ್ದೆ. ಎರಡೂ ಮಾತು ಸ್ಪಷ್ಟವಾಗಿ ಕೇಳಿಸಿದವು.

7. ಯಾರೋ ಫೋನಿನಲ್ಲಿ ಹಿಡಿದ ತುಣುಕು ಮೂರನೆಯ ಸಂಗತಿಗೇ ಮುಗಿಯುತ್ತದೆ. ಅದರಲ್ಲಿ ಮಸೇಕೊನ ಬೆನ್ನು ಮಾತ್ರ ಕಾಣುತ್ತದೆ.

ಚಿಸಾಲಾ ಬೆಂಬಾ. ಮಸೇಕೊ ನನ್ನಂತೆ ಅಂಗೋನಿ. ನಮ್ಮ ಅಜ್ಜಂದಿರು ಈಟಿ ಹಿಡಿದು ಕಾದಾಡಿ, ದಣಿದು, ಇನ್ನು ಮುಂದೆ ಬಾಯಿಯಲ್ಲೇ ಕಾದಾಡೋಣ ಎಂದುಕೊಂಡವರು. ಅಂದಿನಿಂದ ಎರಡು ಕುಲಕ್ಕೂ ಗೇಲಿಯ ನಂಟು: ಅವರಿಗೆ ನಾವು ಇಲಿ ತಿನ್ನುವವರು, ನಮಗೆ ಅವರು ಮಂಗ ತಿನ್ನುವವರು. ಎದುರಾದಾಗ ಬಯ್ಯದಿದ್ದರೆ ಅವಮಾನ. ಇದು ರೇಡಿಯೊದವರಿಗೂ ಗೊತ್ತು. ಆದರೆ ಅವರ ವಾದ ಬೇರೆ: ಗೇಲಿಗೆ ಎದುರು ಗೇಲಿ ಇರಬೇಕು, ಮಸೇಕೊ ಬಾಯಿ ತೆರೆಯಲಿಲ್ಲ, ಆದ್ದರಿಂದ ಇದು ಗೇಲಿಯಲ್ಲ, ಕುಲನಿಂದನೆ.

ತರ್ಕ ಸರಿ. ಆಧಾರ ಅರ್ಧ.

ಇನ್ನೊಂದು ಸುದ್ದಿ — ರಿಲೇ ಓಟದಲ್ಲಿ ಬೆಳ್ಳಿ ಗೆದ್ದ ಹುಡುಗಿ ಕೋಲು ಬೀಳಿಸಿದ ಗೆಳತಿಯ ಹೆಸರನ್ನೇ ಮೊದಲು ಹೇಳಿ ಧನ್ಯವಾದ ಅರ್ಪಿಸಿದಳಂತೆ. ಇಂಥ ನಡತೆಯನ್ನು ಯಾರೂ ಫೋನಿನಲ್ಲಿ ಹಂಚುವುದಿಲ್ಲ.

ಸೋಮವಾರ, ಸೆಪ್ಟೆಂಬರ್ 8.

ವರ್ಕ್‌ಶಾಪಿನಲ್ಲಿ ನನ್ನ ಮೇಜಿನ ಮೇಲೆ, ಪರೀಕ್ಷೆಗೆ ಬಂದ ಪ್ರೆಷರ್ ಗೇಜುಗಳ ಸಾಲಿನ ಕೊನೆಗೆ, ಒಂದು ಇಲಿಬೋನು. ಪಕ್ಕದ ಮೇಜಿನ ಮುತಾಲೆಯ ಕೆಲಸ. ಅವನು ಬೆಂಬಾ, ಸ್ಟಾರ್ಸ್‌ನ ಕಡು ಅಭಿಮಾನಿ. ಗಣಿಯ ಈ ವರ್ಕ್‌ಶಾಪಿಗೆ ನಾವಿಬ್ಬರೂ ಒಂದೇ ವರ್ಷ ಸೇರಿದವರು.

"ಸೋತ ದುಃಖಕ್ಕೆ ಬೇಟೆಗೂ ಹೋಗಿಲ್ಲ, ಮನೇಲಿ ಎಲ್ರೂ ಉಪವಾಸ ಅಂತ ಕೇಳ್ದೆ," ಅಂದ. "ಅದಕ್ಕೇ ತಂದೆ. ಇಟ್ಕೋ, ನಾಚ್ಕೋಬೇಡ."

"ಬೋನು ಚಿಕ್ಕದಾಯ್ತು. ಮಂಗ ಹಿಡಿಯೋಕೆ ಆಗಲ್ಲ. ನಿಮ್ಮನೆಗೇ ತಗೊಂಡು ಹೋಗಿ ದೊಡ್ಡದು ಮಾಡಿಸು."

ದಿನ ಚೆನ್ನಾಗಿಯೇ ಆರಂಭವಾಯಿತು. ಚಹಾದ ಹೊತ್ತಿಗೆ ಸುದ್ದಿ: ಚಿಸಾಲಾನನ್ನು ಲೀಗ್‌ನವರು ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಿದ್ದಾರೆ. ಮುತಾಲೆ ಕರಿದ ಹಿಟ್ಟಿನುಂಡೆ ವಿಟುಂಬುವ ತಿನ್ನುವುದನ್ನು ನಿಲ್ಲಿಸಿ, ಕೈಯ ಎಣ್ಣೆ ಒರೆಸಿಕೊಂಡ.

"ನೀನು ಅಲ್ಲೇ ಬೇಲಿ ಹತ್ರ ಇದ್ದೆಯಲ್ಲ. ಮಸೇಕೊ ನಿಜವಾಗ್ಲೂ ಏನೂ ಅನ್ಲಿಲ್ವಾ?"

ಉತ್ತರಿಸುವ ಮೊದಲು ಒಂದು ಗೇಜಿನ ಗಾಜು ಒರೆಸಿದೆ. "ನಿಯಮ ನಿಯಮಾನೇ. ಆಟದ ಮಧ್ಯೆ ಗೋಲ್‌ಕೀಪರ್‌ಗೆ ಮಾತೇನು ಕೆಲಸ?"

ಅದು ನನ್ನ ಪ್ರಾಮಾಣಿಕ ಅಭಿಪ್ರಾಯ. ಅವನ ಪ್ರಶ್ನೆಗೆ ಉತ್ತರವಲ್ಲ.

ಅಕ್ಟೋಬರ್ ನಾಲ್ಕಕ್ಕೆ ಕಪ್ ಫೈನಲ್. ಅವೇ ಎರಡು ತಂಡ. ಚಿಸಾಲಾ ಇಲ್ಲದ ಸ್ಟಾರ್ಸ್ ಎಂದರೆ ಬಾಗಿಲಿಲ್ಲದ ಮನೆ. ಹಾಕ್ಸ್ ಕಪ್ ಎತ್ತಿದ್ದನ್ನು ನಾನು ನೋಡಿದ್ದು ಚಿಕ್ಕಪ್ಪನ ಹೆಗಲ ಮೇಲೆ ಕೂತು. ಆಮೇಲೆ ನೋಡಿಲ್ಲ.

ಗುರುವಾರ, ಸೆಪ್ಟೆಂಬರ್ 11.

ವರ್ಕ್‌ಶಾಪಿನ ಗೋಡೆಗೆ ನೋಟೀಸು: ಕುಲದ ಹೆಸರೆತ್ತಿ ಹಾಸ್ಯ ಮಾಡುವಂತಿಲ್ಲ. ಸುದ್ದಿಯ ಪ್ರತಾಪ.

ಮಸೇಕೊ ಸಂದರ್ಶನ ಕೊಟ್ಟಿದ್ದಾನೆ. "ನಾನೇನೂ ಹೇಳೋದಿಲ್ಲ, ಸಮಿತಿ ನೋಡಿಕೊಳ್ಳುತ್ತೆ." ಹೊಸ ಬೂಟು, ಹೊಸ ಕೇಶವಿನ್ಯಾಸ, ಕಣ್ಣು ಮಾತ್ರ ಕ್ಯಾಮೆರಾದ ಕಡೆಗಿರಲಿಲ್ಲ. ಅವನು ಬರಿಗಾಲಲ್ಲಿ ಆಡುತ್ತಿದ್ದಾಗಿನಿಂದ ನಾನು ಅವನಿಗೆ ಚಪ್ಪಾಳೆ ತಟ್ಟಿದವನು. ಸಂದರ್ಶನ ಹಿಡಿಸಲಿಲ್ಲ. ಪೆನಾಲ್ಟಿ ತಪ್ಪಿದ್ದಕ್ಕೆ ಬೇಸರವಿಲ್ಲ, ಪೆನಾಲ್ಟಿ ಎಲ್ಲರಿಗೂ ತಪ್ಪುತ್ತದೆ... ಆದರೆ ಅವನ ಮೌನದ ಬಗ್ಗೆ ಬರೆಯುವ ಅಧಿಕಾರ ನನಗೆಷ್ಟಿದೆ?

ಲೀಗ್‌ನ ವಿಚಾರಣಾ ಸಮಿತಿ ಇಪ್ಪತ್ತನಾಲ್ಕರಂದು ಕೂಡುತ್ತದೆ. ಪ್ರತ್ಯಕ್ಷ ಕೇಳಿದವರಿದ್ದರೆ ಬರಬಹುದು ಎಂದು ಪತ್ರಿಕೆಯಲ್ಲಿದೆ.

ಬೆಳಿಗ್ಗೆ ಮುತಾಲೆ ನನಗೆ: "ಗುಡ್ ಮಾರ್ನಿಂಗ್, ಮಿಸ್ಟರ್ ಜೆರೆ."

ಇಲಿಬೋನು ಮೇಜಿನ ಮೇಲಿಲ್ಲ.

ಶುಕ್ರವಾರ, ಸೆಪ್ಟೆಂಬರ್ 12.

"ಗುಡ್ ಮಾರ್ನಿಂಗ್, ಮಿಸ್ಟರ್ ಜೆರೆ. ಆ ಸ್ಪ್ಯಾನರ್ ಕೊಡ್ತೀರಾ, ದಯವಿಟ್ಟು?"

ದಯವಿಟ್ಟು.

ಭಾನುವಾರ, ಸೆಪ್ಟೆಂಬರ್ 21.

ಚಿಕ್ಕಪ್ಪ ತಿಮೋತಿಯೊ ಗುರುವಾರ ತೀರಿಕೊಂಡರು. ತುಂಬು ವಯಸ್ಸು, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ದೂರು ಹೇಳುವಂತಿಲ್ಲ. ನನ್ನನ್ನು ಮೊದಲು ಮೈದಾನಕ್ಕೆ ಕರೆದೊಯ್ದವರು ಅವರು. ಆಟ ಮುಗಿಯುವ ಮೊದಲೇ "ಸೋತ್ವಿ, ನಡಿ" ಎಂದು ಎದ್ದುಬಿಡುತ್ತಿದ್ದರು. ಅವರ ಬೆನ್ನ ಹಿಂದೆ ಹಾಕ್ಸ್ ಎಷ್ಟೋ ಸಲ ಗೆದ್ದಿದೆ.

ನಿನ್ನೆ ಮಣ್ಣು ಮಾಡಿದೆವು. ಮುತಾಲೆ ಬಂದಿದ್ದ. ಮೂರು ದಿನವೂ ಬಂದ. ಸೌದೆ ಒಡೆದ, ನೀರು ಹೊತ್ತ, ಗುಂಡಿ ತೋಡುವವರ ಜೊತೆ ತೋಡಿದ. ಅಂಗೋನಿ ಸತ್ತಾಗ ಗೇಲಿಯ ನಂಟಿನ ಬೆಂಬಾ ಮಾಡಬೇಕಾದ ಎಲ್ಲ ಕೆಲಸವನ್ನೂ ಮಾಡಿದ — ಮುಖ್ಯವಾದ ಒಂದನ್ನು ಬಿಟ್ಟು. ಸತ್ತವರ ಹ್ಯಾಟು ಹಾಕಿಕೊಂಡು ಅವರ ನಡಿಗೆ ಅಣಕಿಸಲಿಲ್ಲ. ಜಿಪುಣ, ಸೋಮಾರಿ, ಇಲಿಗಳಿಗೆ ಇವತ್ತು ಹಬ್ಬ ಎಂದು ಬಯ್ಯಲಿಲ್ಲ. ಶವದ ವ್ಯಾನಿಗೆ ಅಡ್ಡ ಮಲಗಿ, ಕಪ್ಪ ಕೊಡದೆ ದಾರಿ ಬಿಡೆನೆಂದು ಹಟ ಹಿಡಿಯಲಿಲ್ಲ. ವ್ಯಾನು ಸರಾಗವಾಗಿ ಹೊರಟಿತು. ಅಷ್ಟು ಸರಾಗವಾಗಿ ನಮ್ಮ ಮನೆಯಿಂದ ಯಾರ ಶವವೂ ಹೊರಟಿರಲಿಲ್ಲ.

ಚಿಕ್ಕಮ್ಮ ಚಾಪೆಯಿಂದಲೇ ಅವನನ್ನು ಕರೆದರು. "ಏನೋ ಬೆಂಬಾ, ನಾಲಿಗೆ ಮನೇಲಿ ಬಿಟ್ಟು ಬಂದಿದೀಯಾ? ನಮ್ಮ ಮುದುಕ ನಿನಗೇನು ಮಾಡಿದ್ದ?"

"ಕಾಲ ಸರಿಯಿಲ್ಲಮ್ಮ. ಯಾರ ಫೋನು ಎಲ್ಲಿರುತ್ತೋ." ಆಮೇಲೆ ನನ್ನ ಕಡೆ ನೋಡದೆಯೇ ಸೇರಿಸಿದ, "ನಿಯಮ ನಿಯಮಾನೇ ಅಂತೆ."

"ಬಯ್ಯೋರಿಲ್ದೆ ಕಳಿಸಿದ್ವಲ್ಲೋ," ಅಂದರು ಚಿಕ್ಕಮ್ಮ. "ದಿಕ್ಕಿಲ್ಲದ ಪರದೇಶಿ ಹೋದ ಹಾಗೆ ಹೋದ."

ಅವರು ಅತ್ತದ್ದು ಆಗ. ಅದಕ್ಕೆ ಮೊದಲು ಅತ್ತಿರಲಿಲ್ಲ.

ಸೋಮವಾರ, ಸೆಪ್ಟೆಂಬರ್ 22.

ಚಿಕ್ಕಮ್ಮನನ್ನು ನಮ್ಮ ಮನೆಗೆ ಕರೆತಂದಿದ್ದೇವೆ. ನನ್ನ ಹೆಂಡತಿ ಎನೆಲೇಸಿ ಅವರಿಗೆ ಮಲಗಲು ಅಣಿಮಾಡಿ, ಮೆಕ್ಕೆಜೋಳದ ನ್ಶಿಮಾ ಮುದ್ದೆ ಬಡಿಸುತ್ತ ಕೇಳಿದಳು:

"ಅವತ್ತು ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಇಬ್ಬರದೂ?"

"ಇಬ್ಬರದೂ."

"ಮತ್ತೆ?"

"ನನ್ನನ್ನ ಯಾರೂ ಕೇಳಲಿಲ್ಲ."

"ಮುತಾಲೆ ಕೇಳಿದನಂತಲ್ಲ. ಅವನ ಹೆಂಡತಿ ಮಾರ್ಕೆಟ್ಟಿನಲ್ಲಿ ಹೇಳಿದಳು." ಅವಳು ಕಪೆಂಟಾ ಮೀನಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ತಿನ್ನಿ. ಕಪ್ ಸಿಕ್ಕರೆ ಅದರಲ್ಲೇ ಬಡಿಸ್ತೀನಿ."

ಇವತ್ತು ಕೆಲಸ ಮುಗಿದ ಮೇಲೆ ನೇರ ಹಾಕ್ಸ್ ಅಭ್ಯಾಸದ ಮೈದಾನಕ್ಕೆ ಹೋಗಿದ್ದೆನೆಂದು ಅವಳಿಗೆ ಹೇಳಿರಲಿಲ್ಲ. ಮಸೇಕೊ ಬೂಟು ಬಿಚ್ಚುತ್ತ ಕೂತಿದ್ದ.

"ಅಂಕಲ್, ನೀವಾ? ಮಾತಾಡಬೇಡ ಅಂತ ಕ್ಲಬ್ಬಿನವರು ಹೇಳಿದಾರೆ."

"ನೀನು ಮಾತಾಡಿದ್ದು ನನಗೆ ಕೇಳಿಸಿದೆ. ಬೇಲಿ ಹತ್ರಾನೇ ಇದ್ದೆ."

ಅವನು ಬೂಟಿನ ಮಣ್ಣು ಕೆರೆದ. "ಚಿಸಾಲಾ ಫೋನ್ ಮಾಡ್ದ. ನಾನು ತೆಗೀಲಿಲ್ಲ." ಆಮೇಲೆ, "ಅವನಿಲ್ದಿದ್ರೆ ಕಪ್ ನಮ್ದೇ ಅಂಕಲ್. ನಿಮಗೆ ಬೇಡ್ವಾ?"

"ಬೇಕು," ಅಂದೆ. ನಿಜವನ್ನೇ ಹೇಳಿದೆ. "ಬುಧವಾರ ನಾನು ಹೋಗ್ತಾ ಇದೀನಿ. ನಿನಗೆ ಮೊದಲೇ ತಿಳಿಸಬೇಕು ಅನ್ನಿಸ್ತು."

ಅವನು ಇನ್ನೊಂದು ಬೂಟಿಗೆ ಕೈ ಹಾಕಿದ. ಬೂಟಿನ ಲೇಸಿಗೆ ಗಂಟು ಬಿದ್ದಿತ್ತು, ಅದನ್ನೇ ಬಿಡಿಸುತ್ತಿದ್ದ.

ಗುರುವಾರ, ಸೆಪ್ಟೆಂಬರ್ 25.

ನಿನ್ನೆ ಸಮಿತಿಯ ಮುಂದೆ ಹೋದೆ. ಇಸ್ತ್ರಿ ಮಾಡಿದ ಶರ್ಟು, ಹಾಕ್ಸ್ ಸ್ಕಾರ್ಫ್. ಸ್ಕಾರ್ಫ್ ಬೇಡವೆಂದು ಎನೆಲೇಸಿ ಹೇಳಿದಳು. ಬೇಕೆಂದೆ. ಸಾಕ್ಷಿ ಯಾವ ಕಡೆಯವನೆಂದು ಎಲ್ಲರಿಗೂ ಕಾಣಬೇಕು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಮಿಸ್ಟರ್ ಜೆರೆ, ನೀವು ಹಾಕ್ಸ್ ಬೆಂಬಲಿಗರು. ಅಂಗೋನಿ ಬೇರೆ. ಯಾಕೆ ಬಂದಿರಿ?"

"ಗೇಜುಗಳನ್ನು ಪರೀಕ್ಷಿಸುವುದು ನನ್ನ ಕೆಲಸ, ಸರ್. ಮುಳ್ಳು ಅರ್ಧ ಏರಿದಾಗಲೇ ಬರೆದುಕೊಂಡರೆ ಅದು ಅಳತೆಯಲ್ಲ."

"ಸರಿ. ಕೇಳಿಸಿದ್ದನ್ನು ಹಾಗೇ ಹೇಳಿ."

ಹೇಳಿದೆ. ಮೊದಲು ಮೂರನೆಯ ಸಂಗತಿ, ಆಮೇಲೆ ನಾಲ್ಕನೆಯದು. ನಾನು ಸಭೆಗಳಲ್ಲಿ ಮಾತಾಡುವವನಲ್ಲ; ವರದಿ ಓದಿದ ಹಾಗೆ ಓದಿರಬೇಕು. "ಮಂಗ ತಿಂದು ತಿಂದು ಹಾರೋದು ಕಲ್ತಿದೀಯ" ಎನ್ನುವಾಗ ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಮಸೇಕೊ. ಕ್ಲಬ್ ಕಾರ್ಯದರ್ಶಿಯ ಪಕ್ಕದಲ್ಲಿ, ಟೈ ಕಟ್ಟಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.

"ಇದರಲ್ಲಿ ನಗೋದೇನಿದೆ?" ಎಂದರು ಅಧ್ಯಕ್ಷರು.

ಅವನು ಎದ್ದು ನಿಂತ. ಕಾರ್ಯದರ್ಶಿ ಕೋಟು ಹಿಡಿದು ಎಳೆದದ್ದು ಕಾಣಿಸಿತು. "ಕ್ಷಮಿಸಿ ಸರ್. ಅಂಕಲ್ ಹೇಳೋದು ಕೇಳಿದ್ರೆ ಬೈಬಲ್ ಓದಿದ ಹಾಗಿದೆ. ನಾನು ಅಂದದ್ದು ಇದಕ್ಕಿಂತ ಚೆನ್ನಾಗಿತ್ತು."

ಗೋಡೆ ಬದಿ ಒಬ್ಬನೇ ಕೂತಿದ್ದ ಚಿಸಾಲಾ ತಲೆ ಎತ್ತದೆ ಗೊಣಗಿದ: "ಏನೂ ಚೆನ್ನಾಗಿರಲಿಲ್ಲ. ಇಲಿ ತಿಂದ ಬಾಯಲ್ಲಿ ಅಷ್ಟೇ ಬರೋದು."

ಸಮಿತಿಯಲ್ಲಿ ಮೊದಲು ನಕ್ಕವರು ಯಾರೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಅಧ್ಯಕ್ಷರೂ ನಕ್ಕರು.

ತೀರ್ಪು: ಅಮಾನತು ರದ್ದು. ಆಟ ತಡಮಾಡಿದ್ದಕ್ಕೆ ಇಬ್ಬರಿಗೂ ಎಚ್ಚರಿಕೆ. ಎರಡೂ ಸರಿಯೇ.

ಮಸೇಕೊ ಬಗ್ಗೆ — ತಡವಾಗಿ ಎದ್ದ, ಆದರೆ ಎದ್ದ. ಹನ್ನೊಂದನೆಯ ತಾರೀಖು ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಇದನ್ನು ಕೆಳಗೆ ಸೇರಿಸುತ್ತೇನೆ.

ಹಾಕ್ಸ್ ಅಭಿಮಾನಿಗಳ ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದಾರೆ. ಬೆಳಗಿನಿಂದ ಫೋನು ಶಾಂತವಾಗಿದೆ. ಅದೊಂದು ಅನುಕೂಲ.

ವರ್ಕ್‌ಶಾಪಿನಲ್ಲಿ ನೋಟೀಸು ಇನ್ನೂ ಗೋಡೆಯ ಮೇಲಿದೆ.

"ಗುಡ್ ಮಾರ್ನಿಂಗ್, ಮಿಸ್ಟರ್ ಜೆರೆ." ಅಷ್ಟೇ.

ಬೇರೇನನ್ನೋ ನಿರೀಕ್ಷಿಸಿದ್ದೆ.

ಶನಿವಾರ, ಅಕ್ಟೋಬರ್ 4. ಬೆಳಿಗ್ಗೆ.

ಫೈನಲ್ ಮಧ್ಯಾಹ್ನ. ಜಕರಂದಾ ಹೂವು ಬೀದಿಯ ತುಂಬ ಬಿದ್ದಿದೆ. ಸೆಖೆ. ಚಿಸಾಲಾ ಆಡುತ್ತಾನೆ, ನಾವು ಬಹುಶಃ ಸೋಲುತ್ತೇವೆ. ನನ್ನ ಎಂದಿನ ಜಾಗದಲ್ಲಿ ನಿಲ್ಲಲು ನಮ್ಮವರು ಬಿಡುವರೋ ಇಲ್ಲವೋ, ನೋಡಬೇಕು.

ಇದನ್ನು ಬರೆಯುತ್ತಿದ್ದಾಗ ಹೊರಗೆ ಗದ್ದಲ. ಕಿಟಕಿಯಿಂದ ನೋಡಿದೆ.

ಗೇಟಿನ ಬಳಿ ಮುತಾಲೆ. ಸ್ಟಾರ್ಸ್ ಅಂಗಿ, ತಲೆಯ ಮೇಲೆ ಚಿಕ್ಕಪ್ಪನ ಹ್ಯಾಟು. ಎನೆಲೇಸಿಯೇ ಕೊಟ್ಟಿರಬೇಕು, ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ಕೋಲೂರಿಕೊಂಡು ಚಿಕ್ಕಪ್ಪನ ಹಾಗೆಯೇ ಎಡಗಾಲು ಎಳೆದು ನಾಲ್ಕು ಹೆಜ್ಜೆ ಹಾಕಿದ. ನಿಂತ. ಗಡಿಯಾರ ನೋಡಿದ. "ಸೋತ್ವಿ, ನಡಿ! ಇನ್ನೂ ಆಟ ಶುರುವಾಗಿಲ್ವಾ? ಆದ್ರೂ ಸೋತ್ವಿ, ನಡಿ!"

ಚಿಕ್ಕಮ್ಮ ಹೊರಗೆ ಬಂದರು. ಅವರನ್ನು ಕಂಡವನೇ ಗೇಟಿಗೆ ಅಡ್ಡಲಾಗಿ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

"ಅವತ್ತು ಮುದುಕನ್ನ ಪುಕ್ಸಟ್ಟೆ ಸಾಗಿಸಿದ್ರಿ! ಬೆಂಬಾಗೆ ಕಪ್ಪ ಕೊಡದೆ ಯಾವ ಅಂಗೋನಿ ಮಣ್ಣಿಗೆ ಹೋಗಿದಾನೆ? ಒಂದು ಕೋಳಿ ಕೊಡಿ, ಇಲ್ಲಾಂದ್ರೆ ಈ ಮನೆಯಿಂದ ಒಂದು ಇಲೀನೂ ಮೈದಾನಕ್ಕೆ ಹೋಗಲ್ಲ!"

"ಇಲ್ಲಿ ಕೋಳಿ ಇಲ್ಲ ಕಣೋ," ಅಂದರು ಚಿಕ್ಕಮ್ಮ. ಸೆರಗಿನಂತೆ ಹೊದ್ದ ಚಿತೆಂಗೆ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. "ಮರ ಹತ್ತಿ ನಿಮ್ಮಣ್ಣನ್ನ ಹಿಡ್ಕೊಂಡು ತಿನ್ನು."

"ಸತ್ತವನು ಜಿಪುಣ, ಹೆಂಡತಿ ಅವನಪ್ಪ! ಎಲ್ಲಿ ಆ ಗೇಜಿನ ಮುದಿ ಇಲಿ? ಸ್ಕಾರ್ಫ್ ಕಟ್ಕೊಂಡು ಬಿಲದಲ್ಲಿ ಕೂತಿದಾನಾ? ಹೊರಗೆ ಕರೀರಿ ಅವನ್ನ. ನನ್ನ ಜೊತೆ ಉತ್ತರ ಗೋಲಿನ ಹಿಂದೆ ನಿಲ್ಲಬೇಕು ಅವನು, ಇನ್ಯಾರು ಅವನನ್ನ ಪಕ್ಕಕ್ಕೆ ಸೇರಿಸ್ತಾರೆ!"

ಬೀದಿಯ ಜನ ಸೇರುತ್ತಿದ್ದಾರೆ. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಾರೆ, ಕಣ್ಣೊರೆಸಿಕೊಳ್ಳುತ್ತಲೂ ಇದ್ದಾರೆ. ಹಿತ್ತಲಿನಲ್ಲಿ ಕೋಳಿ ಇದೆ. ಕೆಂಪು ಹುಂಜ, ಕಾಲು ಕಟ್ಟಿಯೇ ಇದೆ.

ಈಗಲೇ ಕೊಡುವುದಿಲ್ಲವೆಂದು ನಿರ್ಧರಿಸಿದ್ದೇನೆ. ಇನ್ನಷ್ಟು ಬಯ್ಯಲಿ.