ದಪ್ಪಣ್ಣನ ಸೊಂಟದ ಸುತ್ತಳತೆ

ಮನೆಯಿಂದ,
ಮಾರ್ಚ್ ೧೨, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ನರ್ಸಿಂಗ್ ತರಬೇತಿಯಲ್ಲಿ ನಿಂತೂ ನಿಂತೂ ಕಾಲು ಊದುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ಇಲ್ಲಿ ನಾನು, ನಿನ್ನ ಗಂಡ, ನೀನು ಬಿಟ್ಟುಹೋದ ಬೆಕ್ಕು ದಪ್ಪಣ್ಣ, ಮೂವರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಮುಂದಿನದನ್ನು ಓದಿ ಗಾಬರಿಯಾಗಬೇಡ.

ಕಳೆದ ತಿಂಗಳು ದಪ್ಪಣ್ಣ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯತೊಡಗಿದ. ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ನನ್ನ ಹೊಲಿಗೆ ಟೇಪನ್ನೇ ಅವನ ಸೊಂಟಕ್ಕೆ ಸುತ್ತಿದೆ. ನೀನಿದ್ದಾಗ ತಮಾಷೆಗೆ ಅಳೆದರೆ ಹದಿನೆಂಟು ಇಂಚಿದ್ದವನು ಹದಿನಾಲ್ಕಕ್ಕೆ ಇಳಿದಿದ್ದ! ಅರ್ಧ ಹೊಲಿದ ಕೋಟನ್ನು ಮೆಷಿನ್ನಿನಲ್ಲೇ ಬಿಟ್ಟು ಅವನನ್ನು ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ದಿನಾ ಇಂಜೆಕ್ಷನ್ ಚುಚ್ಚಬೇಕೇನೋ ಎಂದು ಹೆದರಿ ಕುರ್ಚಿಯಿಂದ ಎದ್ದೇಬಿಟ್ಟೆ. ನಲವತ್ತು ವರ್ಷ ಸೂಜಿ ಹಿಡಿದವಳು, ನಗಬೇಡ. ಅವರು, "ಬಾಯಿಗೆ ಹಾಕೋ ಮಾತ್ರೆನೂ ಇದೆ, ದಿನಕ್ಕೊಂದು. ಎಲ್ಲಾ ಬೆಕ್ಕಿಗೂ ಆಗಲ್ಲ, ನಿಮ್ಮದಕ್ಕೆ ಆಗುತ್ತೆ. ಆದ್ರೆ ಊಟ ಬಿಟ್ರೆ, ವಾಂತಿ ಮಾಡಿದ್ರೆ ಒಂದು ಗಳಿಗೆನೂ ಕಾಯಬೇಡಿ" ಎಂದರು.

ಮೊದಲ ದಿನ ಮೀನಿನೊಳಗೆ ಮಾತ್ರೆ ಅಡಗಿಸಿಟ್ಟೆ. ಮಹಾಶಯ ಮೀನು ತಿಂದು, ತಟ್ಟೆ ನೆಕ್ಕಿ, ಮಾತ್ರೆಯನ್ನು ನನ್ನ ಪಾದದ ಮೇಲೆ ಉಗಿದ. ಎರಡನೇ ದಿನ ನಿನ್ನ ಗಂಡ ಟವೆಲ್ಲಿನಲ್ಲಿ ಸುತ್ತಿ ಹಿಡಿದ. ಮಾತ್ರೆ ಬೆಕ್ಕಿನ ಹೊಟ್ಟೆಗೆ ಹೋಯಿತು, ಉಗುರು ನಿನ್ನ ಗಂಡನ ಮೂಗಿಗೆ ಹೋಯಿತು. ಐದನೇ ದಿನ ಬೆಳಿಗ್ಗೆ ದಪ್ಪಣ್ಣ ಊಟ ಮೂಸಿಯೂ ನೋಡಲಿಲ್ಲ. ಡಾಕ್ಟರಮ್ಮನ ಮಾತು ನೆನಪಾಯಿತು. ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಓಡಿದೆ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿದರು, ಏನೂ ತೊಂದರೆ ಇರಲಿಲ್ಲ. ಮನೆಗೆ ಬಂದರೆ ಮೇಲಿನ ಮನೆಯ ಮೇಷ್ಟ್ರು ತಲೆ ಕೆರೆಯುತ್ತಾ ಮೆಟ್ಟಿಲ ಮೇಲೆ ನಿಂತಿದ್ದರು. "ಪಾಪ, ಸೊರಗಿದ್ದಾನೆ ಅಂತ ಬೆಳಿಗ್ಗೆನೇ ಒಂದಿಡೀ ಮೀನು ಹಾಕ್ದೆ" ಎಂದರು. ಬಯ್ಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು.

ಈಗ ದಪ್ಪಣ್ಣ ಬಕೆಟ್ಟಿನ ಗೊಡವೆಗೆ ಹೋಗುವುದಿಲ್ಲ. ನಿನ್ನೆ ಅಳೆದೆ, ಹದಿನೈದೂವರೆ! ರಕ್ತದ ಸಕ್ಕರೆಯೂ ಇಳಿದಿದೆ.

ನಿನ್ನ ಕೈಗುಣ ಬೆಳೆಯಲಿ, ಕಾಲುನೋವು ಇಳಿಯಲಿ.

ನಿನ್ನ ಅತ್ತೆ

ಅಂಚೆಗೆ ಹೊತ್ತಾಯಿತು, ಇದೊಂದು ಮಾತು: ಬೆಕ್ಕನ್ನು ಮನೆಯೊಳಗೆ ಬಿಡುವುದಿಲ್ಲ ಎಂದು ನಿನ್ನೊಡನೆ ಜಗಳವಾಡಿದವಳು ನಾನೇ, ತಪ್ಪಾಯಿತು. ಆದರೆ ನೀನು ಬಂದ ಮೇಲೆ ಅವನ ಬುಟ್ಟಿ ನಿನ್ನ ಕೋಣೆಗೆ ಹೋಗಕೂಡದು. ಅವನು ಬೇಕೆನಿಸಿದಾಗ ನೀನೇ ನನ್ನ ಕೋಣೆಗೆ ಬಾ. ದಿನಾ ಬಾ.