ಹನ್ನೊಂದನೆಯ ನಿಯಮ

ಮಾರ್ಚ್ ೯, ಭಾನುವಾರ

ಪ್ರೀತಿಯ ಟೇಪು,

ನಿನ್ನ ಎರಡೂ ಕಾಗದ ಬಂದಿವೆ. ನೀನು ಬಂದುಹೋಗಿ ಏಳು ವಾರವಾದರೂ ನಾನು ಒಂದು ಸಾಲು ಬರೆದಿಲ್ಲ. ನಿನಗೆ ಕೋಪ ಬಂದಿದ್ದರೆ ನ್ಯಾಯವೇ. ಬಂದಿರದಿದ್ದರೆ ನನಗೆ ಸ್ವಲ್ಪ ಬೇಜಾರು. ಮಂಡಿನೋವು ಹೇಗಿದೆ? ನಿನ್ನ ಸೀಸದ ಕುದುರೆ ದಳದ ಬಾಲಗಳಿಗೆಲ್ಲ ಮೊಮ್ಮಗಳು ಗುಲಾಬಿ ಬಣ್ಣ ಹಚ್ಚಿದ್ದನ್ನು ಓದಿ ನಿನ್ನ ಅತ್ತಿಗೆ ನಕ್ಕೂ ನಕ್ಕೂ ಸುಸ್ತಾದಳು. ಒರೆಸಬೇಡ. ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಕುದುರೆಗಳನ್ನು ಕಂಡು ಯಾರಿಗೋ ಸಂತೋಷವಾಗಿದೆ.

ಹಿಂದಿನ ಕೋಣೆ ಹೆಚ್ಚುಕಡಿಮೆ ನೀನು ಬಿಟ್ಟುಹೋದ ಹಾಗೇ ಇದೆ. ಟೇಬಲ್ ಟೆನಿಸ್ ಹಲಗೆಯ ಮೇಲೆ ನಮ್ಮ ಯುದ್ಧದಾಟದ ಗುಡ್ಡ, ನದಿ, ಸೇತುವೆ, ಹೆಬ್ಬೆರಳೆತ್ತರದ ಸೀಸದ ಸಿಪಾಯಿಗಳು. ಬಟ್ಟೆ ಮಡಚಲು ಜಾಗವಿಲ್ಲವೆಂದು ಇವಳ ಗೊಣಗಾಟ. "ಯುದ್ಧ ಮುಗೀತಲ್ಲ ರೀ, ಸತ್ತವರನ್ನಾದರೂ ಡಬ್ಬಿಗೆ ಹಾಕಿ" ಎನ್ನುತ್ತಾಳೆ.

ಈಗ ಸುದ್ದಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಎರಡೂ ಕಣ್ಣಿನ ನಡುವಿನ ನೋಟ ಹೋಗುತ್ತಿದೆಯಂತೆ, ಅಂಚು ಉಳಿಯುತ್ತದಂತೆ. ಅಂದರೆ ಮೇಜು ಕಾಣುತ್ತದೆ, ಸಿಪಾಯಿಯ ಮುಖ ಕಾಣುವುದಿಲ್ಲ. ಮೂವತ್ತು ವರ್ಷ ಕಟ್ಟುಹಲ್ಲು ಮಾಡಿದವನು ನಾನು. ಕೋರೆಹಲ್ಲು ಕೂದಲೆಳೆಯಷ್ಟು ವಾಲಿದರೂ ಗೊತ್ತಾಗುತ್ತಿತ್ತು. ಹೋದ ಸಲ ನಿನ್ನೆದುರು ಇಳಿಸಿದ ಹನ್ನೆರಡು ಮಂದಿಗೆ ನೀಲಿ ಕೋಟು ಎಂದುಕೊಂಡು ಹಸಿರು ಬಳಿದಿದ್ದೆನಂತೆ. ನೀನು "ಹೊಸ ಕೋಟು ಜೋರಾಗಿದೆ ಕಣೋ" ಎಂದೆಯಷ್ಟೆ.

ಮುಖ ಸಪ್ಪಗೆ ಮಾಡಿಕೊಳ್ಳಬೇಡ. ಈಗ ಸಿಪಾಯಿಗಳ ಮುಖ ಬರೆಯುವ ಕೆಲಸ ಇವಳದು. ಭೂತಗನ್ನಡಿ ಹಿಡಿದು ಓರೆಯಾಗಿ ನೋಡಿದೆ, ಎಲ್ಲರಿಗೂ ನನ್ನ ಅಕ್ಕನ ಹುಬ್ಬು. "ಇವರು ಯಾರನ್ನೂ ಕೊಲ್ಲೋ ಹಾಗೆ ಕಾಣಲ್ಲವಲ್ಲೇ" ಎಂದೆ. "ಕೊಲ್ಲೋದೇನೂ ಬೇಡ, ಗದರಿಸಿದರೆ ಸಾಕು" ಎಂದಳು.

ನಮ್ಮ ನಿಯಮದ ಪುಸ್ತಕವನ್ನೂ ಇವಳಿಂದ ಓದಿಸಿದೆ. ಹನ್ನೊಂದನೆಯದು ನಿನ್ನ ಕೈಬರಹ: "ದಾಳ ಎಸೆದವನು ಓದತಕ್ಕದ್ದಲ್ಲ, ಎದುರಾಳಿ ಓದತಕ್ಕದ್ದು." ನೆನಪಿದೆಯಾ? ಮೂರನ್ನು ಐದು ಎಂದು ಕೂಗಿ ದಾಳ ಎತ್ತಿಕೊಂಡೆನೆಂದು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದೆ. ಇವತ್ತಿಗೂ ಹೇಳುತ್ತೇನೆ, ಅದು ಐದೇ. ಸರ್ವೆ ಆಫೀಸು ಬಿಟ್ಟ ಮೇಲೂ ಜೇಬಿನಲ್ಲಿ ಟೇಪು ಇಟ್ಟುಕೊಂಡು, ಕುದುರೆ ಅರ್ಧ ಬೆರಳು ಜಾಸ್ತಿ ಓಡಿತೆಂದು ಜಗಳ ತೆಗೆಯುವವನು ನೀನು. ಅದಕ್ಕೇ ಅಲ್ಲವೇ ನಿನಗೆ ಈ ಹೆಸರು.

ದಪ್ಪ ಪೆನ್ನು ಹಿಡಿದು ನಾನೇ ಬರೆದಿದ್ದೇನೆ. ಸಾಲುಗಳು ಗುಡ್ಡ ಹತ್ತಿ ಇಳಿದಿದ್ದರೆ ಸಹಿಸಿಕೋ. ಮೊಮ್ಮಗಳ ಕುಂಚ ಎಂದೂ ಒಣಗದಿರಲಿ. ನಿನ್ನ ಮಂಡಿ ರೈಲಿನ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಲಿ.

ನಿನ್ನ,
ಹಲ್ಲು ದಳಪತಿ

ತಾ.ಕ.: ಹೋದ ಸಲದ ಆ ಕೊನೆಯ ಎಸೆತದ ವಿಷಯ. ಸೇತುವೆ ದಾಟಲು ನನಗೆ ಐದಾದರೂ ಬೀಳಬೇಕಿತ್ತು. ನೀನು "ಆರು!" ಎಂದು ಕೂಗಿ ಎದ್ದು ಕೈ ಕುಲುಕಿದೆ. ಸೇತುವೆ ಕಟ್ಟಿದ ಈ ಇಪ್ಪತ್ತಾರು ವರ್ಷದಲ್ಲಿ ಅದನ್ನು ನಾನು ಗೆದ್ದದ್ದು ಅದೊಂದೇ ಸಲ. ಮರುವಾರ ಪೋಸ್ಟಿನವನನ್ನು ಒಳಗೆ ಕರೆದು ತೋರಿಸುತ್ತಿದ್ದೆ. ಅವನು ಹೋದ ಮೇಲೆ ಇವಳು ಮೆಲ್ಲಗೆ ಅಂದಳು: "ಚಹಾ ತಂದಾಗ ನೋಡಿದೆ ರೀ. ಬಿದ್ದಿದ್ದು ಎರಡು. ನಿಮಗೆ ಗೊತ್ತಿದ್ದೇ ನಗ್ತಿದ್ದೀರಿ ಅಂದ್ಕೊಂಡೆ." ಡಾಕ್ಟರ ಹತ್ತಿರ ಹೋದದ್ದು ಅದರ ಮಾರನೆಯ ದಿನ.

ಅರ್ಧ ಬೆರಳಿಗೆ ಜಗಳ ತೆಗೆಯುವವನು ನೀನು, ನಾಲ್ಕು ಚುಕ್ಕೆ ಸುಮ್ಮನೆ ಕೊಟ್ಟುಬಿಟ್ಟೆ. ಸುಳ್ಳು ಹೇಳಿದ್ದಕ್ಕೆ ಸಿಟ್ಟಿಲ್ಲ ಕಣೋ. ನನ್ನನ್ನು ಸೋಲಿಸಬೇಕೆಂದು ನಿನಗೆ ಅನಿಸಲೇ ಇಲ್ಲವಲ್ಲ, ಅದು ಚುಚ್ಚುತ್ತಿದೆ.

ಇವತ್ತು ಬೆಳಿಗ್ಗೆ, ಎರಡು ಬಿದ್ದರೆ ನನ್ನವರು ಎಲ್ಲಿರಬೇಕೋ ಅಲ್ಲಿಗೆ, ನದಿಯ ಈಚೆ ದಡಕ್ಕೆ, ಎಲ್ಲರನ್ನೂ ವಾಪಸು ತಂದು ನಿಲ್ಲಿಸಿದ್ದೇನೆ. ಹನ್ನೊಂದನೆಯ ನಿಯಮ ಹೊಡೆದುಹಾಕಿ, ಅದರಡಿ ಇವಳಿಂದ ಬರೆಸಿದ್ದೇನೆ: "ದಾಳವನ್ನು ಅತ್ತಿಗೆ ಓದತಕ್ಕದ್ದು." ಸೇತುವೆ ಖಾಲಿ ಇದೆ. ಸರದಿ ನಿನ್ನದು.