ಬಿಳಿ ಡಬ್ಬದ ಕೋಳಿಗಳು

ಆನೇಮಹಲ್
20-2-1966

ಚಿರಂಜೀವಿ ತಿಮ್ಮಯ್ಯನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಕಾಫಿ ಕುಯ್ಲು ಮುಗಿದಿಲ್ಲ, ಕಣದಲ್ಲಿ ಹರಡಿದ ಹಣ್ಣು ತಿರುವುವುದಕ್ಕೇ ಹೊತ್ತು ಸಾಲುವುದಿಲ್ಲ ಎಂದು ನೆಪ ಬರೆಯಬಹುದಿತ್ತು. ನಿಜ ಹೇಳುತ್ತೇನೆ, ಬರೆಯಲು ಧೈರ್ಯ ಬರಲಿಲ್ಲ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿಮ್ಮಪ್ಪನ ಕೆಮ್ಮು ಇಳಿದಿದೆ. ಕೆಂದ ಹಸು ಕರು ಹಾಕಿದೆ, ಹೆಣ್ಣು. ಹಾಸ್ಟೆಲಿನ ಊಟ ಸಪ್ಪೆ ಎಂದಿದ್ದೆಯಲ್ಲ, ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದೇನೆ.

ಇನ್ನು ಕೋಳಿಯ ವಿಷಯ. ಎರಡೂ ಮನೆಯ ಕೋಳಿಗಳ ರಕ್ತದಲ್ಲಿ ಕೊಬ್ಬು ಒಂದೇ ಸಮ ಬಂದಿದೆ, ಕಿತ್ತಳೆ ಸಿಪ್ಪೆಯ ನಾರಿನಿಂದ ಕೊಬ್ಬು ಇಳಿಯುತ್ತದೆಂದು ನೀನು ನಂಬಿದ್ದು ಸುಳ್ಳಾಯಿತು, ತಿಂಗಳ ಕೊನೆಗೆ ಹಾಗೆಯೇ ಬರೆದು ಕಾಲೇಜಿಗೆ ಕೊಡುತ್ತೇನೆ ಎಂದಿದ್ದೀಯೆ. ಕೊಡಬೇಡ ಮಗನೇ. ನಿನ್ನ ಕೆಲಸ ಕೆಡಿಸಿದವಳು ನಾನು.

ಡಿಸೆಂಬರಿನಲ್ಲಿ ನೀನು ಮಾಂಸಕ್ಕೆಂದೇ ಸಾಕುವ ಆ ಬಿಳಿ ಮರಿಗಳನ್ನು ತಂದು ನನಗೆ ಇಪ್ಪತ್ತು, ಪಕ್ಕದ ಮನೆ ಮರಿಯಮ್ ಬೀಗೆ ಇಪ್ಪತ್ತು ಕೊಟ್ಟೆ. ನನಗೆ ಬಿಳಿ ಬಣ್ಣ ಬಳಿದ ಡಬ್ಬದ ಮೇವು, ಅವಳಿಗೆ ಕೆಂಪು ಡಬ್ಬದ್ದು. "ಅಮ್ಮ, ಇದ್ರ ಮೇಲೆ ಬೇರೆ ಏನೂ ಹಾಕ್ಬೇಡ. ಯಾಕೆ ಅಂತ ಈಗ್ಲೇ ಕೇಳ್ಬೇಡ" ಎಂದೆ. ನಾನು ಕೇಳಲಿಲ್ಲ. ಆದರೆ ಅವಳ ಜಗಲಿಯಲ್ಲಿ ಕೂತು ಅರ್ಧ ಗಂಟೆ ಮೇವು ಕಲಸುವುದನ್ನು ತೋರಿಸಿಕೊಟ್ಟೆ, ನನಗೆ ನಿಂತ ಕಾಲಲ್ಲೇ ಹೇಳಿ ಮುಗಿಸಿದೆ. ಅವಳು ಕೊಟ್ಟ ಟೀ ಕುಡಿದೆ, ನಾನು ಮಾಡಿಟ್ಟ ಕಾಫಿ ಆರಿಹೋಯಿತು. ಹಿತ್ತಲ ಗಿಡ ಮದ್ದಲ್ಲ, ಹೆತ್ತವಳು ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡೆ. ಇದನ್ನೆಲ್ಲ ನೆನಪಿಟ್ಟುಕೊಂಡಿದ್ದೇನೆ ನೋಡು, ನನ್ನ ಬುದ್ಧಿಗೆ ಏನು ಹೇಳಲಿ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮೇವು ಕಲಸುವಾಗ ಬೇಲಿಯಾಚೆಯಿಂದ ವಾಸನೆ ಬಂತು. ಕಿತ್ತಳೆ ಸಿಪ್ಪೆ! ನಮ್ಮ ತೋಟದಲ್ಲಿ ಕಾಫಿ ಗಿಡಗಳ ನಡುವೆ ಉದುರಿ ಕೊಳೆಯುವ ಕಿತ್ತಳೆ. ಅದರ ಪುಡಿ ಅವಳಿಗೆ, ನನಗೆ ಬರೀ ಜೋಳದ ನುಚ್ಚು! ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅದು ಏನೋ ಒಳ್ಳೆಯ ಔಷಧಿಯೇ ಇರಬೇಕು, ಅವಳ ಕೋಳಿ ಗೆದ್ದು ನನ್ನವು ಸೋಲಲಿ ಎಂದೇ ಮಗ ಹೀಗೆ ಹಂಚಿದ್ದಾನೆ ಎನ್ನಿಸಿತು. ಅವತ್ತೇ ಎರಡು ಬುಟ್ಟಿ ಹಣ್ಣು ಸುಲಿದೆ. ಸಿಪ್ಪೆಯನ್ನು ಕಣದ ಮೂಲೆಯಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ದಿನಕ್ಕೆರಡು ಹಿಡಿ ಮೇವಿಗೆ ಬೆರೆಸತೊಡಗಿದೆ.

"ಇಷ್ಟೊಂದ್ ಸಿಪ್ಪೆ ಏನಕ್ಕೆ ಮಾರಾಯ್ತಿ?" ಎಂದು ನಿಮ್ಮಪ್ಪ ಕೇಳಿದರು.

"ಗೊಜ್ಜಿಗೆ" ಎಂದೆ.

"ಊರಿಗೆಲ್ಲ ಗೊಜ್ಜು ಬಡ್ಸೋ ಹಂಗೈತೆ" ಎಂದು ನಕ್ಕರು.

ಜನವರಿ ಕೊನೆಗೆ ನೀನು ಬಂದು ಕೋಳಿಗಳ ರೆಕ್ಕೆಯಡಿಯಿಂದ ರಕ್ತ ತೆಗೆದು, ಗಾಜಿನ ಕೊಳವೆಗಳನ್ನು ಐಸಿನಲ್ಲಿಟ್ಟುಕೊಂಡು ಬಸ್ಸು ಹತ್ತುವವರೆಗೂ ನಾನು ಬಾಯಿ ಬಿಡಲಿಲ್ಲ. ನನ್ನ ಕೋಳಿಗಳು ಅವಳವಕ್ಕೆ ಸಮನಾಗಿ ಬರಲಿ ಎಂದು ಗುಡ್ಡದಮ್ಮನಿಗೆ ಹರಕೆ ಬೇರೆ ಹೊತ್ತಿದ್ದೆ. ಸಮನಾಗಿಯೇ ಬಂದವು.

ನಿನ್ನ ಕಾಗದ ಬಂದ ದಿನವೇ ಅವಳಿಗೂ ಒಂದು ಕಾರ್ಡು ಬಂತು. ನನ್ನ ಕಾಗದದಲ್ಲೇ ಎರಡು ಸಾಲು ಸೇರಿಸಿದ್ದರೆ ಆಗುತ್ತಿರಲಿಲ್ಲವೇ, ಅವಳಿಗೆ ಬೇರೆ ಕಾರ್ಡು ಯಾಕೆ ಎಂದು ಮತ್ತೆ ಉರಿಯಿತು. ಅವಳಿಗೆ ಕನ್ನಡ ಓದಲು ಬಾರದು. "ಗಂಗಕ್ಕ, ನಮ್ ತಿಮ್ಮು ಏನ್ ಬರ್ದವ್ನೆ, ಒಸಿ ಓದಿ" ಎಂದು ನನ್ನ ಕೈಗೇ ತಂದುಕೊಟ್ಟಳು. ನಮ್ ತಿಮ್ಮು ಅಂತೆ!

ಗಟ್ಟಿಯಾಗಿ ಓದಿದೆ. "ಬೀಯಮ್ಮ, ನಾನು ಹೇಳಿದ ಹಾಗೇ ನೀವು ಮೇವು ಹಾಕಿದ್ದೀರಿ, ನಿಮ್ಮ ತಪ್ಪೇನೂ ಇಲ್ಲ. ಕಷ್ಟದ ಕೆಲಸ ಬಿಳಿ ಡಬ್ಬದ್ದು. ಅದಕ್ಕೆ ಏನೂ ಸೇರಿಸದೆ ಇದ್ದರೆ ಮಾತ್ರ ನಿಮ್ಮ ಕೋಳಿಗಳನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಅದಕ್ಕೇ ಅದನ್ನು ಅಮ್ಮನಿಗೆ ಕೊಟ್ಟೆ. ಆ ಮನೆಯವರು ಏನಾದರೂ ಬೆರೆಸಿರಬಹುದೇ ಎಂದು ನಮ್ಮ ಪ್ರೊಫೆಸರು ಕೇಳಿದರು. ನಮ್ಮಮ್ಮ ಹಾಗೆ ಮಾಡುವವಳಲ್ಲ ಎಂದೆ."

ಅಲ್ಲಿಗೆ ಓದು ನಿಲ್ಲಿಸಿ ಕಾರ್ಡನ್ನು ಅವಳ ಕಡೆ ಚಾಚಿದೆ.

"ಯಾಕ್ ಗಂಗಕ್ಕ, ನಿಲ್ಲಿಸ್ಬುಟ್ರಿ? ಅಷ್ಟೇಯಾ?"

"ಅಷ್ಟೇ ಕಣೆ."

"ನೋಡಿ, ನೀವಂದ್ರೆ ಅವ್ನಿಗೆ ಎಷ್ಟು ನಂಬ್ಕೆ" ಎಂದು ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವಳ ಮುಖದಲ್ಲಿ ಒಂದಿಷ್ಟಾದರೂ ಕೊಂಕು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ನೀನು ನನಗೇ ಎಂದು ಆರಿಸಿ ಕೊಟ್ಟದ್ದನ್ನು ತಿಪ್ಪೆಗೆ ಎಸೆದು ಅವಳದ್ದಕ್ಕೆ ಆಸೆಪಟ್ಟೆ. ಕೈಯಾರೆ ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ.

ಈ ಕಾಗದವನ್ನೇ ಪ್ರೊಫೆಸರಿಗೆ ತೋರಿಸು. ಮರ್ಯಾದೆ ಹೋಗುವುದಿದ್ದರೆ ನನ್ನದು ಹೋಗಲಿ. ಅವರು ಒಪ್ಪಿ ನೀನು ಮತ್ತೆ ಮರಿ ತಂದರೆ, ಬಿಳಿ ಡಬ್ಬವನ್ನು ಮರಿಯಮ್ ಬೀಗೆ ಕೊಡು. ಈ ಒಂದು ಸಾಲು ಬರೆಯಲು ನನಗೆ ಹನ್ನೊಂದು ದಿನ ಬೇಕಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಆಯುಸ್ಸು ಕೊಡಲಿ, ನನಗಿಂತ ಒಳ್ಳೆಯ ಮನಸ್ಸು ಕೊಡಲಿ.

ನಿನ್ನ ತಾಯಿ,
ಗಂಗಾಮಣಿ

ವಿ.ಸೂ.: ಇಷ್ಟು ಬರೆದ ಮೇಲೆ ಇದನ್ನೂ ಬರೆದುಬಿಡುತ್ತೇನೆ. ನೀನು ಹುಟ್ಟಿ ತಿಂಗಳು ತುಂಬುವ ಮೊದಲೇ ನನಗೆ ವಿಷಮಜ್ವರ ಬಂದು ಹಾಲು ಬತ್ತಿಹೋಯಿತು. ಪಕ್ಕದ ಮನೆಯ ಆಮಿನಾ ಆಗ ಎದೆಗೂಸು. ಐದು ತಿಂಗಳು ತನ್ನ ಆ ಮಗಳ ಜೊತೆ ನಿನಗೂ ಹಾಲು ಕೊಟ್ಟವಳು ಮರಿಯಮ್ ಬೀ. ನಾನು ಎದ್ದು ಓಡಾಡುವಂತಾಗಿ ನಿನ್ನನ್ನು ಎತ್ತಿಕೊಂಡರೆ, ನೀನು ಅವಳ ಕಡೆ ಕೈಚಾಚಿ ಅಳುತ್ತಿದ್ದೆ. ನಿನಗೆ ಇದು ಯಾವತ್ತೂ ತಿಳಿಯಬಾರದೆಂದು ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಇಪ್ಪತ್ಮೂರು ವರ್ಷವಾಯಿತು. ಅವಳು ಮಾತಿಗೆ ತಪ್ಪಲಿಲ್ಲ.